ಪ್ರಾತಃಸ್ಮರಣೀಯ ಕುದ್ಮುಲ್ ರಂಗರಾಯರು

ಮಹನೀಯರ ಹೆಸರನ್ನು ಕಟ್ಟಡಗಳಿಗೂ ರಸ್ತೆಗಳಿಗೂ ಇಡುವುದು ನಮ್ಮಲ್ಲಿ ರೂಢಿಯಾಗಿದೆ. ಹೆಸರಿಟ್ಟ ಮೇಲೆ ಅವರ ಋಣ ತೀರಿತೆಂದು ನಾವು ನೆಮ್ಮದಿಯಿಂದ ಇದ್ದುಬಿಡುತ್ತೇವೆ. ಈ ಮಾತಿಗೆ ನಾನೇ ಒಂದು ನಿದರ್ಶನ.

ಕಳೆದ ವರ್ಷ ನಮ್ಮ ಕಾಲೇಜಿನಿಂದ ನಾವು ನಾಲ್ವರು ಹುಡುಗಿಯರು ಭಾಷಣ ಸ್ಪರ್ಧೆಗೆಂದು ಮಂಗಳೂರಿಗೆ ಹೋಗಿದ್ದೆವು. ವಿಷಯ 'ಸಮಾನತೆ'. ನನಗೆ ಎರಡನೆಯ ಬಹುಮಾನ ಬಂತು. ಹಿಂದಿರುಗುವಾಗ ಬಸ್ಸು ತಪ್ಪಿಹೋಗಿ, ಪುರಭವನದ ಮುಂದೆ ಒಂದು ಗಂಟೆ ಕಾಲ ಕಳೆಯಬೇಕಾಯಿತು. ಕಟ್ಟಡದ ಮೇಲೆ ಕುದ್ಮುಲ್ ರಂಗರಾವ್ ಪುರಭವನವೆಂದು ಬರೆದಿತ್ತು. ಇವರು ಯಾರೆಂದು ಗೆಳತಿಯರನ್ನು ಕೇಳಿದೆ. ಒಬ್ಬಳು ಸ್ವಾತಂತ್ರ್ಯ ಹೋರಾಟಗಾರರಿರಬೇಕೆಂದಳು. ಇನ್ನೊಬ್ಬಳು ಕಟ್ಟಡಕ್ಕೆ ಹಣ ಕೊಟ್ಟ ವರ್ತಕರಿರಬಹುದೆಂದಳು. ಚರಿತ್ರೆಯನ್ನೇ ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೂ ತಿಳಿಯದು. ಸಮಾನತೆಯ ಬಗ್ಗೆ ಹತ್ತು ನಿಮಿಷ ಮಾತನಾಡಿ ಬಹುಮಾನ ಹಿಡಿದುಕೊಂಡು ಬಂದವಳಿಗೆ, ಅದೇ ಊರಿನಲ್ಲಿ ಸಮಾನತೆಗಾಗಿ ಇಡೀ ಬಾಳನ್ನು ತೇಯ್ದವರ ಗುರುತು ಇರಲಿಲ್ಲ! ಅಂದಿನ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನಲ್ಲಿ. ಆಗ ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಭಾಗ. ಜಿಲ್ಲೆಯೋ ಮದರಾಸು ಪ್ರಾಂತ್ಯಕ್ಕೆ ಸೇರಿದ್ದು. ಅವರದು ಸಾರಸ್ವತ ಬ್ರಾಹ್ಮಣ ಕುಟುಂಬ. ಕುಲ ದೊಡ್ಡದಾದರೂ ಸಂಪತ್ತು ದೊಡ್ಡದಲ್ಲ. ಹದಿನಾರರ ಪ್ರಾಯದಲ್ಲಿ ತಂದೆಯನ್ನು ಕಳೆದುಕೊಂಡು, ಹೊಟ್ಟೆಯ ಪಾಡಿಗಾಗಿ ಮಂಗಳೂರಿಗೆ ಬಂದರು. ತಿಂಗಳಿಗೆ 8 ರೂಪಾಯಿ ಸಂಬಳದ ಉಪಾಧ್ಯಾಯ ವೃತ್ತಿ ಸಿಕ್ಕಿತು. ಪಾಠ ಹೇಳುತ್ತಲೇ ತಾವೂ ಓದಿದರು. ಮೆಟ್ರಿಕ್ಯುಲೇಶನ್ ಮುಗಿಸಿ, ವಕೀಲಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಮಂಗಳೂರಿನ ನ್ಯಾಯಾಲಯದಲ್ಲಿ ವಕೀಲರಾಗಿ ನಿಂತರು. ಬಡವರ ವಕೀಲರೆಂಬ ಹೆಸರು ಬಂತು. ನಮ್ಮಂತೆ ದುಡಿದು ಓದುವ ವಿದ್ಯಾರ್ಥಿಗಳಿಗೆ ಅವರ ಬಾಳಿನ ಈ ಮೊದಲ ಅಧ್ಯಾಯವೇ ಸಾಕಷ್ಟು ಧೈರ್ಯ ಕೊಡುವಂಥದು. ಅಷ್ಟಕ್ಕೇ ನಿಂತಿದ್ದರೆ ಅವರು ಒಬ್ಬ ಯಶಸ್ವಿ ವಕೀಲರಾಗಿ ಬಾಳಿ ತೆರಳುತ್ತಿದ್ದರು. ನಾವು ಇಂದು ನೆನೆಯುವ ಅಗತ್ಯವೇ ಇರುತ್ತಿರಲಿಲ್ಲ.

ಆ ಕಾಲದ ಮಂಗಳೂರು ಹೊಸ ವಿಚಾರಗಳಿಗೆ ಕಿವಿಗೊಟ್ಟ ಊರಾಗಿತ್ತು. ಬಾಸೆಲ್ ಮಿಶನ್ನಿನವರು 1834ರಲ್ಲಿಯೇ ಬಂದು ಶಾಲೆ, ಮುದ್ರಣಾಲಯಗಳನ್ನು ತೆರೆದಿದ್ದರು. 1870ರಲ್ಲಿ ಉಳ್ಳಾಲ ರಘುನಾಥಯ್ಯನವರ ಮುಂದಾಳ್ತನದಲ್ಲಿ ಬ್ರಹ್ಮಸಮಾಜ ನೆಲೆಗೊಂಡಿತ್ತು. ಜಾತಿಭೇದವಿಲ್ಲದ ಏಕದೇವೋಪಾಸನೆ ಅದರ ತತ್ತ್ವ. ರಂಗರಾಯರು ಈ ಸಮಾಜವನ್ನು ಸೇರಿದರು. ತತ್ತ್ವವನ್ನು ಒಪ್ಪಿದವರು ಆಗಲೂ ಹಲವರಿದ್ದರು, ಈಗಲೂ ಇದ್ದಾರೆ. ಅದನ್ನು ಬೀದಿಗೆ, ಶಾಲೆಗೆ, ತಮ್ಮ ಅಡುಗೆಮನೆಗೆ ತಂದವರು ವಿರಳ.

ಅವರ ಮನಸ್ಸನ್ನು ಈ ಕಡೆಗೆ ತಿರುಗಿಸಿದ ಒಂದು ಸಂಗತಿಯನ್ನು ಮಂಗಳೂರಿನವರು ಹೇಳುತ್ತಾರೆ. ಅಸ್ಪೃಶ್ಯರೆನಿಸಿಕೊಂಡಿದ್ದ ಜಾತಿಯ ಒಬ್ಬ ಯುವಕನು ಹೇಗೋ ನಾಲ್ಕನೆಯ ತರಗತಿಯವರೆಗೆ ಓದಿದನು. ಅವನಿಗೆ ನ್ಯಾಯಾಲಯದಲ್ಲಿ ಜವಾನನ ಕೆಲಸ ದೊರಕಿತು. ಕಾಗದ ಒಯ್ಯುವುದು, ಬಾಗಿಲಲ್ಲಿ ನಿಲ್ಲುವುದು, ಇಷ್ಟೇ ಕೆಲಸ. ಆದರೆ ಅವನ ಕೈಯಿಂದ ಕಾಗದವನ್ನು ತೆಗೆದುಕೊಳ್ಳುವುದು ಹೇಗೆ, ಅವನು ನಿಂತ ಬಾಗಿಲನ್ನು ದಾಟುವುದು ಹೇಗೆ ಎಂದು ಮೇಲ್ಜಾತಿಯವರಿಂದ ದೊಡ್ಡ ಕೋಲಾಹಲವೇ ಎದ್ದಿತು. ನ್ಯಾಯದ ಮಂದಿರದ ಹೊಸ್ತಿಲಲ್ಲೇ ಇಂಥ ಅನ್ಯಾಯ ನಡೆಯುವುದನ್ನು ಕಂಡ ವಕೀಲರಿಗೆ ಒಂದು ಮಾತು ಸ್ಪಷ್ಟವಾಗಿರಬೇಕು. ಒಬ್ಬನಿಗೆ ಕೆಲಸ ಕೊಡಿಸಿದರೆ ಸಾಲದು. ನೂರಾರು ಮಂದಿ ಓದಿ ಬರುವ ಹಾಗೆ ಮಾಡದೆ ಈ ಬಾಗಿಲು ತೆರೆಯಲಾರದು.

1892ರಲ್ಲಿ ಅವರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. ಇಂಥವನ್ನು ಅಂದು ಪಂಚಮ ಶಾಲೆಗಳೆಂದು ಕರೆಯುತ್ತಿದ್ದರು. ನಾಲ್ಕು ವರ್ಣಗಳ ಲೆಕ್ಕದಲ್ಲಿ ಸೇರದವರು ಪಂಚಮರು, ಅಂದರೆ ಐದನೆಯವರು. ಶಾಲೆ ತೆರೆಯುವುದೆಂದರೆ ಇಂದು ನಮಗೆ ಸರಳವಾಗಿ ಕಾಣುತ್ತದೆ. ಅಂದಿನ ತೊಡಕುಗಳನ್ನು ಒಂದೊಂದಾಗಿ ಎಣಿಸಿ ನೋಡೋಣ.

ಮೊದಲನೆಯದು ಜಾಗ. ಆ ಮಕ್ಕಳು ಬಂದು ಕೂರುವ ಶಾಲೆಗೆ ನೆರೆಯವರ ವಿರೋಧ; ಒಂದು ಕಡೆಯಿಂದ ಎಬ್ಬಿಸಿದರೆ ಮತ್ತೊಂದು ಕಡೆಗೆ ಒಯ್ಯಬೇಕು. ಎರಡನೆಯದು ಉಪಾಧ್ಯಾಯರು. ಮೇಲ್ಜಾತಿಯ ಮಾಸ್ತರರು ಬರಲೊಪ್ಪರು, ದಲಿತರಲ್ಲಿ ಓದಿದವರಿಲ್ಲ. ಕೊನೆಗೆ ಕ್ರೈಸ್ತ ಉಪಾಧ್ಯಾಯರು ಮುಂದೆ ಬಂದರು. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ಮಕ್ಕಳು. ಅವರ ತಂದೆತಾಯಿಗಳು ಧಣಿಗಳ ಗದ್ದೆಯಲ್ಲಿ ದುಡಿಯುವವರು. ಮಗು ದನ ಕಾಯ್ದರೆ, ಸೊಪ್ಪು ತಂದರೆ ಸಂಜೆಗೆ ಗಂಜಿ. ಶಾಲೆಗೆ ಹೋದರೆ ಅದೂ ಇಲ್ಲ. ಧಣಿಯ ಕಣ್ಣು ಕೆಂಪಾದರೆ ಇಡೀ ಮನೆಯೇ ಬೀದಿಗೆ ಬೀಳಬೇಕು. ಅಕ್ಷರದ ಮಹಿಮೆಯನ್ನು ಎಷ್ಟು ಬಣ್ಣಿಸಿದರೇನು, ಹಸಿದ ಹೊಟ್ಟೆಗೆ ಅದು ಕೇಳಿಸೀತೆ?

ರಂಗರಾಯರು ಇಲ್ಲಿಯೇ ತಮ್ಮ ವಿವೇಕವನ್ನು ತೋರಿದರು. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ ಏರ್ಪಾಡು ಮಾಡಿದರು. ಮಧ್ಯಾಹ್ನದ ಊಟವನ್ನೂ ಹಾಕಿಸಿದರು. ಮಗು ಬಂದುದರಿಂದ ಮನೆಗೆ ಆಗುವ ನಷ್ಟವನ್ನು ತುಂಬಿಕೊಟ್ಟ ಮೇಲೆಯೇ ಅದರ ಕೈಗೆ ಸ್ಲೇಟು ಕೊಟ್ಟರು. ಇದು ದಾನವಲ್ಲ, ಲೆಕ್ಕ. ಅವಕಾಶದ ಬಾಗಿಲನ್ನು ತೆರೆದಿಟ್ಟೆವು, ಬರುವವರು ಬರಲಿ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಬಾಗಿಲವರೆಗೆ ನಡೆದು ಬರಲು ಮಗುವಿನ ಕಾಲಿಗೆ ಏನು ತೊಡರುತ್ತದೆಂದು ನೋಡಿ, ಅದನ್ನು ತೆಗೆದರು. ಒಂದು ಶತಮಾನ ಕಳೆದ ಮೇಲೆ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಯೋಜನೆ ಬಂತು. ಪ್ರಾಥಮಿಕ ಶಾಲೆಯಲ್ಲಿ ಆ ಬಿಸಿಯೂಟವನ್ನು ಉಂಡೇ ಬೆಳೆದವಳು ನಾನು. ನನ್ನ ತಾಯಿ ಬೀಡಿ ಕಟ್ಟಿ, ತಂದೆ ಕೂಲಿ ಮಾಡಿ ನನ್ನನ್ನು ಓದಿಸಿದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಮಧ್ಯಾಹ್ನದ ಒಂದು ಊಟ ಎಷ್ಟು ಮಕ್ಕಳನ್ನು ಶಾಲೆಯಲ್ಲಿ ಹಿಡಿದು ನಿಲ್ಲಿಸುತ್ತದೆಂಬುದನ್ನು ಪುಸ್ತಕ ನೋಡಿ ತಿಳಿಯುವ ಅಗತ್ಯ ನನಗಿಲ್ಲ.

1897ರಲ್ಲಿ ಅವರು ತಮ್ಮ ಕಾರ್ಯಕ್ಕೆ ಒಂದು ಸಂಸ್ಥೆಯ ರೂಪ ಕೊಟ್ಟರು. ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂದು ಅದರ ಹೆಸರು. ಮಂಗಳೂರಿನಲ್ಲಿಯೂ ಉಡುಪಿಯ ಕಡೆಯಲ್ಲಿಯೂ ಶಾಲೆಗಳು ಹುಟ್ಟಿಕೊಂಡವು. ಕೋರ್ಟುಗುಡ್ಡೆಯ ಬಳಿಯ ಶೇಡಿಗುಡ್ಡೆ ಅದರ ಕೇಂದ್ರವಾಯಿತು. ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸಗಳನ್ನು ಕಲಿಸಿದರು. ಓದಿಯೂ ಧಣಿಯ ಅಂಗಳಕ್ಕೇ ಹಿಂದಿರುಗಬೇಕಾದರೆ ಓದಿನಿಂದೇನು ಬಂತು? ಕೈಗೊಂದು ಕಸುಬಿದ್ದರೆ ತಲೆಯೆತ್ತಿ ನಿಲ್ಲಬಹುದು. ಸ್ವಂತ ನೆಲವಿಲ್ಲದವರಿಗೆ ಮನೆಯ ನಿವೇಶನಗಳನ್ನು ದೊರಕಿಸಿ ವಸತಿಗಳನ್ನು ಕಟ್ಟಿಸಿದರು. ಊರಿನ ಆಡಳಿತ ಸಂಸ್ಥೆಗಳಲ್ಲಿ ದಲಿತರಿಗೂ ಸ್ಥಾನವಿರಬೇಕೆಂದು ವಾದಿಸಿದರು. ಅನ್ನ, ಅಕ್ಷರ, ಕಸುಬು, ನೆಲ, ಅಧಿಕಾರ: ಈ ಐದರಲ್ಲಿ ಒಂದನ್ನೂ ಅವರು ಮರೆಯಲಿಲ್ಲ.

ಇದಕ್ಕೆ ತೆತ್ತ ಬೆಲೆಯೇನು? ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರಿಕನೂ ಅಗಸನೂ ಅವರ ಮನೆಯ ಕಡೆ ಬಾರದಾದರು. ನೆಂಟರಿಷ್ಟರ ಮದುವೆ ಮುಂಜಿಗಳಿಗೆ ಕರೆಯಿಲ್ಲ. ಓದುವಾಗ ಇವು ಸಣ್ಣ ಸಂಗತಿಗಳೆನಿಸಬಹುದು. ಹಳ್ಳಿಯಲ್ಲಿ ಬೆಳೆದವರಿಗೆ ಮಾತ್ರ ಅದರ ಭಾರ ಗೊತ್ತು. ಸೆರೆಮನೆಗೆ ಹೋದವನನ್ನು ಜನ ಹೊಗಳುವರು. ನೆರೆಹೊರೆಯವರು ಮಾತು ಬಿಟ್ಟ ಮನೆಯಲ್ಲಿ ದಿನ ಕಳೆಯುವವನನ್ನು ಹೊಗಳುವವರು ಯಾರು? ರಂಗರಾಯರು ಒಂದೆರಡು ದಿನವಲ್ಲ, ವರ್ಷಾನುಗಟ್ಟಲೆ ಹಾಗೆ ಬಾಳಿದರು.

ಮನೆಯ ವಿಷಯದಲ್ಲಿಯೂ ಅವರು ಮಾತಿಗೆ ತಪ್ಪಲಿಲ್ಲ. ಊರ ಮಕ್ಕಳಿಗೆ ಸಮತೆಯನ್ನು ಬೋಧಿಸಿ, ತಮ್ಮ ಮಗಳ ಮದುವೆಗೆ ಗೋತ್ರ ಹುಡುಕುವ ಸುಧಾರಕರನ್ನು ನಾವು ಕಂಡಿಲ್ಲವೇ? ರಂಗರಾಯರು ಮಗಳು ರಾಧಾಬಾಯಿಯನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿಸಿದರು. ಆಕೆ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗ ಮಾಡಿದರು. 1912ರಲ್ಲಿ ಆಕೆಯ ವಿವಾಹ ತಮಿಳುನಾಡಿನ ಕುಮಾರಮಂಗಲದ ಜಮೀನುದಾರ ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. ಜಾತಿ ಬೇರೆ, ಭಾಷೆಯೂ ಬೇರೆ. ಸುಬ್ಬರಾಯನ್ ಮುಂದೆ 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಗಳಾಗಿದ್ದರು. ರಾಧಾಬಾಯಿ 1930ರ ಮೊದಲ ದುಂಡುಮೇಜಿನ ಪರಿಷತ್ತಿಗೆ ಭಾರತದಿಂದ ಹೋದ ಇಬ್ಬರು ಮಹಿಳಾ ಪ್ರತಿನಿಧಿಗಳಲ್ಲಿ ಒಬ್ಬರು. ಆಕೆಯ ಮಕ್ಕಳಲ್ಲಿ ಒಬ್ಬರು ಭೂಸೇನೆಯ ಮಹಾದಂಡನಾಯಕರಾದ ಜನರಲ್ ಕುಮಾರಮಂಗಲಂ. ಮತ್ತೊಬ್ಬರು ಕೇಂದ್ರ ಮಂತ್ರಿಗಳಾದ ಮೋಹನ ಕುಮಾರಮಂಗಲಂ. ಮಗಳು ಪಾರ್ವತಿ ಕೃಷ್ಣನ್ ಲೋಕಸಭಾ ಸದಸ್ಯೆ.

ಸರಕಾರ ರಾವ್ ಸಾಹೇಬ್ ಬಿರುದನ್ನು ಕೊಟ್ಟಿತು. ಕಾಲ ಕಳೆದಂತೆ ಸಂಸ್ಥೆಯ ಹೊಣೆಯನ್ನು ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜದವರು ವಹಿಸಿಕೊಂಡರು. ಎಲ್ಲವನ್ನೂ ಕಳಚಿಟ್ಟು ರಂಗರಾಯರು 1927ರಲ್ಲಿ ಈಶ್ವರಾನಂದರೆಂಬ ಹೆಸರಿನಿಂದ ಸಂನ್ಯಾಸಿಯಾದರು. 1928ರ ಜನವರಿ 30ರಂದು ಇಹಲೋಕದ ಯಾತ್ರೆಯನ್ನು ಮುಗಿಸಿದರು. ತಮ್ಮ ಅಂತ್ಯಕ್ರಿಯೆಯನ್ನು ಊರಿನ ಮಲ ಹೊರುತ್ತಿದ್ದ ತೋಟಿಗಳೇ ನಡೆಸಬೇಕೆಂದು ಅವರು ಮೊದಲೇ ತಿಳಿಸಿದ್ದರು. ಬದುಕಿದ್ದಾಗ ಮುಟ್ಟಬಾರದೆಂದು ಸಮಾಜ ಯಾರನ್ನು ದೂರವಿಟ್ಟಿತ್ತೋ, ಅವರ ಕೈಗೇ ತಮ್ಮ ದೇಹವನ್ನು ಒಪ್ಪಿಸಿದರು. ಮಂಗಳೂರಿನ ಬಾಬುಗುಡ್ಡೆಯಲ್ಲಿ ಅವರ ಸಮಾಧಿಯಿದೆ.

ಅವರ ಒಂದು ಆಸೆಯನ್ನು ಮಂಗಳೂರಿನಲ್ಲಿ ಎಲ್ಲರೂ ನೆನೆಯುತ್ತಾರೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗು ಮುಂದೆ ದೊಡ್ಡ ಅಧಿಕಾರಿಯಾಗಬೇಕು. ಊರ ದಾರಿಯಲ್ಲಿ ಮೋಟಾರಿನಲ್ಲಿ ಕುಳಿತು ಹೋಗಬೇಕು. ಆ ಗಾಡಿ ಎಬ್ಬಿಸಿದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ತಮ್ಮ ಜನ್ಮ ಸಾರ್ಥಕವೆಂಬುದು ಅವರ ಹಂಬಲ. ಇದನ್ನು ಕೇವಲ ವಿನಯವೆಂದು ತಿಳಿಯಬಾರದು. ನೆರಳು ಬಿದ್ದರೆ ಮೈಲಿಗೆಯೆಂದು ದಾರಿ ಬಿಟ್ಟು ಸರಿಯಬೇಕಾಗಿದ್ದ ಜನರ ಗಾಡಿಯ ಧೂಳನ್ನು ಪ್ರಸಾದವೆಂದು ಬೇಡಿದ ಮಾತು ಅದು.

1934ರಲ್ಲಿ ಹರಿಜನ ಪ್ರವಾಸ ಕೈಗೊಂಡ ಗಾಂಧೀಜಿ ಮಂಗಳೂರಿಗೂ ಬಂದು ಈ ಸಂಸ್ಥೆಯ ಕಾರ್ಯವನ್ನು ಕಂಡರು. ಗಾಂಧೀಜಿ ದಕ್ಷಿಣ ಆಫ್ರಿಕಕ್ಕೆ ಹಡಗು ಹತ್ತಿದ್ದು 1893ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆಯೇ ಚಿಲಿಂಬಿಯ ಶಾಲೆ ಆರಂಭವಾಗಿತ್ತೆಂಬುದನ್ನು ನಾವು ಮರೆಯಬಾರದು.

ಚರಿತ್ರೆಯ ವಿದ್ಯಾರ್ಥಿನಿಯಾಗಿ ನಾನು ಒಂದು ಮಾತನ್ನು ಇಲ್ಲಿ ಹೇಳದೆ ಬಿಡಲಾರೆ. ರಂಗರಾಯರದು ಮೇಲಿನಿಂದ ಇಳಿದು ಬಂದ ಕೈ. ಆ ಮಕ್ಕಳಿಗೆ ಬೇರೆಯೇ ಶಾಲೆ ಕಟ್ಟಬೇಕಾಯಿತೇ ಹೊರತು, ಇದ್ದ ಶಾಲೆಗಳಲ್ಲಿ ಎಲ್ಲರೊಡನೆ ಕೂರಿಸಲು ಅಂದು ಸಾಧ್ಯವಾಗಲಿಲ್ಲ. ಅವರು ಸಂನ್ಯಾಸ ಪಡೆದ 1927ರಲ್ಲಿಯೇ ಮಹಾಡದಲ್ಲಿ ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಚೌದಾರ್ ಕೆರೆಗೆ ನಡೆದು ಹೋಗಿ ನೀರು ಮುಟ್ಟಿದರು. ಅಲ್ಲಿ ನೊಂದವರೇ ತಮ್ಮ ಹಕ್ಕನ್ನು ತಾವೇ ಕೈಗೆತ್ತಿಕೊಂಡರು. ಈ ಎರಡನೆಯ ದಾರಿಯೇ ದೊಡ್ಡದೆಂದು ನನ್ನ ನಂಬಿಕೆ. ಆದರೆ ಮೊದಲನೆಯದು ವ್ಯರ್ಥವೆಂದು ನಾನು ಹೇಳಲಾರೆ. ಕೆಳಗಿರುವವರು ಏಳುವುದು ಅವರ ಹಕ್ಕಾದರೆ, ಮೇಲಿರುವವರು ತಮ್ಮ ಕಾಲನ್ನು ಅವರ ಹೆಗಲಿನಿಂದ ತೆಗೆಯುವುದು ಇವರ ಕರ್ತವ್ಯ. ರಂಗರಾಯರು ಈ ಎರಡನೆಯ ಪಾಲಿನ ಕೆಲಸವನ್ನು ಮಾಡಿದರು.

ನಾನು ಯಾವ ಪಾಲಿನವಳು? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಲೇಖನವನ್ನು ಮುಗಿಸಿದರೆ ಅದು ಮತ್ತೊಂದು ಬಹುಮಾನದ ಭಾಷಣವಾದೀತು.

ನಮ್ಮದು ಮೇಲಿನವರೆನಿಸಿಕೊಂಡ ಜಾತಿಯಲ್ಲ, ಅಸ್ಪೃಶ್ಯರೆನಿಸಿಕೊಂಡದ್ದೂ ಅಲ್ಲ. ನಮ್ಮ ಅಜ್ಜಿ ಧಣಿಗಳ ಅಂಗಳದಲ್ಲಿ ನಿಂತು ಗೆರಟೆಯಲ್ಲಿ ನೀರು ಕುಡಿದವಳು. ಆ ಅವಮಾನವನ್ನು ಅವಳು ಎಷ್ಟೋ ಸಲ ನನಗೆ ಹೇಳಿದ್ದಾಳೆ. ಆದರೆ ನಮ್ಮ ಗದ್ದೆಯ ಕೆಲಸಕ್ಕೆ ಬಂದ ದಲಿತರಿಗೆ ಅವಳೂ ಗೆರಟೆಯಲ್ಲಿಯೇ ನೀರು ಕೊಡುತ್ತಿದ್ದಳಂತೆ. ಅದನ್ನು ಹೇಳುವಾಗ ಅವಳ ಸ್ವರದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ.

ನಾನು ಪಿಯುಸಿ ಓದುತ್ತಿದ್ದಾಗ ನಡೆದುದನ್ನು ಹೇಳುತ್ತೇನೆ. ಪ್ರಾಥಮಿಕ ಶಾಲೆಯಿಂದಲೂ ನನ್ನ ಪಕ್ಕದಲ್ಲೇ ಕೂತು ಬಿಸಿಯೂಟ ಉಂಡ ಗೆಳತಿಯೊಬ್ಬಳ ಮನೆಗೆ ಒಂದು ಮಧ್ಯಾಹ್ನ ನೋಟ್ಸು ತರಲು ಹೋಗಿದ್ದೆ. ಅವಳು ದಲಿತ ಕುಟುಂಬದವಳು. ಹೊರಡುವ ಮುಂಚೆ ನನ್ನ ತಾಯಿ, ಅಲ್ಲಿ ಏನೂ ಬಾಯಿಗೆ ಹಾಕಬೇಡವೆಂದು ಮೆಲ್ಲನೆ ಹೇಳಿದ್ದರು. ಗೆಳತಿಯ ಅಮ್ಮ ನಮ್ಮ ಕಡೆಯ ಪದ್ಧತಿಯಂತೆ ಬೆಲ್ಲ ನೀರು ತಂದಿಟ್ಟರು. ನಾನು ಇಂದು ಉಪವಾಸವೆಂದು ಸುಳ್ಳು ಹೇಳಿದೆ. ಅವರು ಏನೂ ಹೇಳದೆ ಒಳಗೆ ಒಯ್ದರು. ಸ್ವಲ್ಪ ಹೊತ್ತಿನ ಮೇಲೆ ಒಂದು ಬೊಂಡವನ್ನೂ ಕತ್ತಿಯನ್ನೂ ತಂದು ನನ್ನ ಮುಂದಿಟ್ಟರು. ಕೆತ್ತದ ಬೊಂಡ. ನಾನೇ ಕೆತ್ತಿ ಕುಡಿಯಲಿ, ಮೈಲಿಗೆಯಾಗದಿರಲಿ ಎಂದು. ನನ್ನ ಸುಳ್ಳು ಅವರಿಗೆ ಮೊದಲ ಕ್ಷಣದಲ್ಲೇ ತಿಳಿದಿತ್ತು. ಅಂಥ ಸುಳ್ಳುಗಳನ್ನು ಅವರು ಬಾಳಿನಲ್ಲಿ ಎಷ್ಟು ಕೇಳಿದ್ದರೋ! ನಾನು ತಲೆ ತಗ್ಗಿಸಿ ಕೆತ್ತಿದೆ, ಕುಡಿದೆ. ಗೆಳತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಸಂವಿಧಾನದ 17ನೆಯ ವಿಧಿಯನ್ನು ನಾನು ಬಾಯಿಪಾಠ ಒಪ್ಪಿಸಬಲ್ಲೆ. ಅಸ್ಪೃಶ್ಯತೆಯ ಆಚರಣೆಯನ್ನು ಅಪರಾಧವೆಂದು ಸಾರಿದ 1955ರ ಕಾನೂನಿನ ಬಗ್ಗೆ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇನೆ. ಕಾನೂನು ನಮ್ಮಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿತು. ಅವಳ ಮನೆಯ ಲೋಟವನ್ನು ನನ್ನ ಬಾಯಿಗೆ ಮುಟ್ಟಿಸುವುದು ಕಾನೂನಿನಿಂದ ಆಗಲಿಲ್ಲ. ಅದು ನನ್ನ ಕೈಯ ಕೆಲಸವಾಗಿತ್ತು, ನಾನು ಮಾಡಲಿಲ್ಲ. ಸಮಾನತೆಯ ಭಾಷಣಕ್ಕೆ ಬಹುಮಾನ ಬಂದದ್ದು ಇದೆಲ್ಲ ಆದ ಮೇಲೆ.

ರಂಗರಾಯರ ಜೀವನವನ್ನು ಓದಿದಂದಿನಿಂದ ಆ ಬೊಂಡ ನನ್ನ ಕಣ್ಣಿನಿಂದ ಮರೆಯಾಗಲಿಲ್ಲ. ಕಳೆದ ದೀಪಾವಳಿಯ ರಜೆಯಲ್ಲಿ ಗೆಳತಿಯ ಮನೆಗೆ ಹೋದೆ. ಕುಳಿತ ಮೇಲೆ ನಾನಾಗಿಯೇ ಕುಡಿಯಲು ನೀರು ಕೇಳಿದೆ. ಗೆಳತಿಯ ಅಮ್ಮ ಒಂದು ಗಳಿಗೆ ನನ್ನ ಮುಖ ನೋಡಿದರು. ಬಳಿಕ ಒಳಗೆ ಹೋಗಿ ಲೋಟದಲ್ಲಿ ನೀರನ್ನೂ ತಟ್ಟೆಯಲ್ಲಿ ಬೆಲ್ಲವನ್ನೂ ತಂದರು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತುಗಳು ಬಾಯಿಗೆ ಬರಲೇ ಇಲ್ಲ. ಮನೆಗೆ ಬಂದು ತಾಯಿಗೆ ಹೇಳಿದೆ. ಅವರು ಬೈಯಲಿಲ್ಲ, ಎರಡು ದಿನ ಸರಿಯಾಗಿ ಮಾತೂ ಆಡಲಿಲ್ಲ.

ಇದನ್ನು ದೊಡ್ಡ ಸಾಧನೆಯೆಂದು ನಾನು ಬರೆಯುತ್ತಿಲ್ಲ. ಒಂದು ಲೋಟ ನೀರು ಕುಡಿಯುವುದು ಸಾಧನೆಯಾಗುವ ಸ್ಥಿತಿಯೇ ನಮ್ಮ ನಾಚಿಕೆ. ಗೆಳತಿ ನಮ್ಮ ಮನೆಗೆ ಬಂದಾಗ ಈಗಲೂ ಜಗಲಿಯಲ್ಲೇ ಕುಳಿತು ಹೋಗುತ್ತಾಳೆ. ಅವಳನ್ನು ಒಳಗೆ ಕರೆದು ನನ್ನ ಪಕ್ಕದಲ್ಲಿ ಎಲೆ ಹಾಕಿಸುವ ದಿನ ಇನ್ನೂ ಬಂದಿಲ್ಲ. ಆ ಕೆಲಸ ಬಾಕಿಯಿದೆ. ಅದು ನನ್ನದು, ಅವಳದಲ್ಲ. ಅವಳ ಒಪ್ಪಿಗೆಯನ್ನು ಪಡೆದೇ ಈ ಸಂಗತಿಯನ್ನು ಬರೆದಿದ್ದೇನೆ. ಓದಿ ನೋಡಿ, ಬೊಂಡದ ವಿಷಯವನ್ನು ಬಿಡಬೇಡವೆಂದು ಅವಳೇ ಹೇಳಿದಳು.

ಸಹಪಾಠಿ ಮಿತ್ರರೇ, ನಾವು ನಾಳೆ ಕಚೇರಿಗಳಿಗೂ ಶಾಲೆಗಳಿಗೂ ಕೆಲಸಕ್ಕೆ ಹೋಗುವವರು. ಅಲ್ಲಿ ನಮ್ಮ ಪಕ್ಕದ ಮೇಜಿಗೆ ಯಾರು ಬರುವರು, ಊಟದ ಬುತ್ತಿಯನ್ನು ಯಾರೊಡನೆ ಬಿಚ್ಚುವೆವು, ಬಾಡಿಗೆಗೆ ಮನೆ ಕೊಡುವಾಗ ಏನು ಕೇಳುವೆವು, ಇವೇ ನಮ್ಮ ಪರೀಕ್ಷೆಯ ಪ್ರಶ್ನೆಗಳು. ರಂಗರಾಯರಂತೆ ಶಾಲೆಗಳನ್ನು ಕಟ್ಟುವ ಶಕ್ತಿ ನಮ್ಮೆಲ್ಲರಿಗೆ ಇಲ್ಲದಿರಬಹುದು. ಅವರಂತೆ ನಮ್ಮ ನಮ್ಮ ಮನೆಯ ಬಾಗಿಲಿನಿಂದ ಆರಂಭಿಸಲು ಯಾವ ಅಡ್ಡಿಯೂ ಇಲ್ಲ. ಆ ಹಿರಿಯ ಚೇತನಕ್ಕೆ ನನ್ನ ನಮಸ್ಕಾರಗಳು.